ಮೇಷ್ಟ್ರೇ, ಒಂದ್ನಿಮಿಷ: ನಮ್ಮ ಹೈಸ್ಕೂಲಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು. ಶಾಲೆಯ ವಿಚಾರವನ್ನು ಶಾಲೆಗೇ ಬಂದು ಕೇಳುವವರು ಕಡಿಮೆ. ಬಸ್‌ಸ್ಟಾಪಿನಲ್ಲಿ, ಹಾಲಿನ ಡೇರಿ ಮುಂದೆ, ಬೀಗರೂಟದ ಪಂಕ್ತಿಯಲ್ಲಿ ಕೇಳುವವರೇ ಜಾಸ್ತಿ. ಬೆಂಗಳೂರು ಸೇರಿದ ಹಳೆ ಹುಡುಗರು ರಾತ್ರಿ ಹತ್ತಕ್ಕೆ ಮೆಸೇಜ್ ಹಾಕುತ್ತಾರೆ. ಇವತ್ತಿಗೂ ಕಾಗದ ಬರೆಯುವ ಒಬ್ಬ ತಾತ ಇದ್ದಾರೆ, ಮೊಮ್ಮಗಳ ಕೈಲಿ ಕೊಟ್ಟು ಕಳಿಸುತ್ತಾರೆ. ವರ್ಷ ವರ್ಷವೂ ಅವೇ ಪ್ರಶ್ನೆ ಸುತ್ತಿ ಬರುತ್ತವೆ, ಅದಕ್ಕೇ ಒಂದು ಕಡೆ ಬರೆದಿಟ್ಟೆ. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ. ಮಕ್ಕಳ ಹೆಸರು ಮಾತ್ರ ಎಲ್ಲೂ ಹಾಕಿಲ್ಲ.

## ಹೊಸದಾಗಿ ಸೇರಿಸುವವರು ಕೇಳುವುದು

ಎಂಟನೇ ಕ್ಲಾಸಿಗೆ ಸೇರಿಸ್ಬೇಕು ಸಾ. ಏನೇನು ಕಾಗದ ತರಬೇಕು?

ಹಿಂದಿನ ಶಾಲೆಯ ಟಿ.ಸಿ., ಏಳನೇ ತರಗತಿಯ ಅಂಕಪಟ್ಟಿ, ಮಗುವಿನ ಆಧಾರ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಫೋಟೋ. ಮಗುವಿನ ಸ್ಯಾಟ್ಸ್ ನಂಬರನ್ನು (ಇಲಾಖೆಯ ಕಂಪ್ಯೂಟರಿನಲ್ಲಿ ಪ್ರತಿ ಮಗುವಿಗೂ ಇರುವ ನಂಬರು) ಹಳೆ ಶಾಲೆಯಲ್ಲೇ ಕೇಳಿ ಬರೆದುಕೊಂಡು ಬನ್ನಿ.

ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಆಧಾರ್‌ನಲ್ಲಿರುವ ಹೆಸರೂ ಟಿ.ಸಿ.ಯಲ್ಲಿರುವ ಹೆಸರೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಒಂದರಲ್ಲಿ ಊರಿನ ಇನಿಶಿಯಲ್, ಇನ್ನೊಂದರಲ್ಲಿ ಅಪ್ಪನ ಇನಿಶಿಯಲ್ ಇದ್ದ ಹುಡುಗಿಯೊಬ್ಬಳ ವಿದ್ಯಾರ್ಥಿವೇತನಕ್ಕೆ ಅವರಮ್ಮ ಎಷ್ಟು ಸಲ ಬ್ಯಾಂಕಿಗೆ ಅಲೆದರೋ ಲೆಕ್ಕವಿಲ್ಲ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಏಪ್ರಿಲ್‌ನಲ್ಲೇ ಹೋಗಿ. ಜೂನ್ ಬಂತು ಅಂದರೆ ಇಡೀ ಹೋಬಳಿ ಅಲ್ಲೇ ನಿಂತಿರುತ್ತದೆ.

ಹೈಸ್ಕೂಲಲ್ಲೂ ಊಟ ಕೊಡ್ತಾರಾ? ಡಬ್ಬಿ ಕಟ್ಟಿ ಕಳಿಸ್ಬೇಕಾ?

ಕೊಡುತ್ತಾರೆ. ಹತ್ತನೇ ತರಗತಿಯವರೆಗೂ ಬಿಸಿಯೂಟ ಇದೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿದೆ, 2024ರಿಂದ ರಾಗಿ ಮಾಲ್ಟ್ ಕೂಡ ಸೇರಿದೆ. ಮೊಟ್ಟೆ ಮೊದಲು ವಾರಕ್ಕೆ 2 ದಿನ ಇತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಇನ್ನೂ 4 ದಿನದ ಮೊಟ್ಟೆಯ ಖರ್ಚು ವಹಿಸಿಕೊಂಡ ಮೇಲೆ 6 ದಿನ ಆಯಿತು. ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ.

ಎಂಟನೇ ಕ್ಲಾಸಿನ ಹೊಸ ಮಕ್ಕಳು ಮೊದಲ ವಾರ ನಾಚಿಕೊಂಡು ಡಬ್ಬಿ ತರುತ್ತಾರೆ. ಹದಿನೈದು ದಿನ ಕಳೆದರೆ ಡಬ್ಬಿ ಮನೆಯಲ್ಲೇ ಉಳಿಯುತ್ತದೆ. ಜಗಲಿಯ ಕಂಬಕ್ಕೆ ಮೊಟ್ಟೆ ತಟ್ಟಿ, ಯಾರದು ಒಂದೇ ಏಟಿಗೆ ಸುಲಿಯಿತು ಅಂತ ಪಂಥ ಕಟ್ಟುತ್ತಾರೆ. ಚಿಪ್ಪನ್ನೆಲ್ಲ ಅಡುಗೆ ಅಕ್ಕ ಪುಡಿ ಮಾಡಿ ಕರಿಬೇವಿನ ಗಿಡದ ಬುಡಕ್ಕೆ ಹಾಕುತ್ತಾರೆ. ಆ ಗಿಡದ ಸೊಪ್ಪೇ ಸಾರಿನ ಒಗ್ಗರಣೆಗೆ ಬರುತ್ತದೆ. ಯಾವ ಮಗು ಇವತ್ತು ಸರಿಯಾಗಿ ಉಣ್ಣಲಿಲ್ಲ ಅನ್ನುವುದು ನಮಗಿಂತ ಮೊದಲು ಆ ಅಕ್ಕನಿಗೇ ಗೊತ್ತಾಗುತ್ತದೆ. ಮನೆಯಲ್ಲಿ ಜಗಳ ನಡೆದ ಸುದ್ದಿ ಎಷ್ಟೋ ಸಲ ನನಗೆ ತಲುಪಿದ್ದು ಆ ಅಡುಗೆಮನೆಯಿಂದ.

ಬಸ್ ಚಾರ್ಜ್ ಹೆಂಗೆ?

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಉಚಿತ, ಆಧಾರ್ ಇಟ್ಟುಕೊಂಡಿರಬೇಕು. ಗಂಡುಮಕ್ಕಳು ವಿದ್ಯಾರ್ಥಿ ಪಾಸು ಮಾಡಿಸಬೇಕು. 'ನಮಗ್ಯಾಕಿಲ್ಲ ಸಾ' ಅಂತ ಹುಡುಗರು ಕೇಳುತ್ತಲೇ ಇರುತ್ತಾರೆ. ಉತ್ತರ ನನ್ನ ಹತ್ತಿರ ಇಲ್ಲ, ಪಾಸಿನ ಅರ್ಜಿ ತುಂಬುವುದು ಹೇಗೆ ಅಂತ ಹೇಳಿಕೊಡುತ್ತೇನೆ.

ಮೊಬೈಲ್ ಕೊಡಿಸ್ಲಾ ಬೇಡ್ವಾ?

ಬೇಡ. ನಿಮ್ಮದನ್ನೇ ಸಂಜೆ ಅರ್ಧ ಗಂಟೆ ಕೊಡಿ, ವಾಪಸ್ ಇಸಕೊಳ್ಳಿ.

ಕಬ್ಬು ಕಡಿಯೋ ಟೈಮಲ್ಲಿ ಒಂದು ವಾರ ಬಿಡಿಸ್ಕೊಂಡ್ರೆ ಏನಾಗುತ್ತೆ?

ಒಂದು ವಾರ ಅಂತಲೇ ಶುರುವಾಗುತ್ತದೆ. ಆಮೇಲೆ ಊರಹಬ್ಬ, ಆಮೇಲೆ ಅಕ್ಕನ ಮನೆಯ ಗೃಹಪ್ರವೇಶ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು 75 ಪರ್ಸೆಂಟ್ ಹಾಜರಿ ಬೇಕು. ನಾನೂ ಗದ್ದೆ ಮನೆಯವನೇ, ಕಷ್ಟ ಗೊತ್ತಿದೆ. ಆದರೆ ಗಣಿತದಲ್ಲಿ ಒಂದು ವಾರದ ಪಾಠ ತಪ್ಪಿದ ಹುಡುಗ ಮುಂದಿನ ತಿಂಗಳ ಪಾಠಕ್ಕೆ ಕೂತರೂ ಕೂತಂತಲ್ಲ. ಬಿಡಿಸಿಕೊಳ್ಳಲೇಬೇಕಾದರೆ ಮೊದಲೇ ಬಂದು ಹೇಳಿ. ಯಾವ ದಿನ ಯಾವ ಪಾಠ ಅಂತ ನೋಡಿಕೊಂಡು, ಮಧ್ಯಾಹ್ನದವರೆಗಾದರೂ ಕಳಿಸುವ ಹಾಗೆ ಹೊಂದಿಸಬಹುದು. ಹೀಗೆ ಎಷ್ಟೋ ಮನೆಯವರು ಮಾಡಿದ್ದಾರೆ.

## ಅಂಕ, ಫಲಿತಾಂಶದ ಬಗ್ಗೆ

625 ಅಂತಾರಲ್ಲ, ಆ 25 ಎಲ್ಲಿಂದ ಬಂತು?

ಪ್ರಥಮ ಭಾಷೆಗೆ 125 ಅಂಕ. ಉಳಿದ 5 ವಿಷಯಕ್ಕೆ ತಲಾ 100. ಎಲ್ಲ ಸೇರಿ 625. ನಮ್ಮಲ್ಲಿ ಪ್ರಥಮ ಭಾಷೆ ಕನ್ನಡ, ಹಾಗಾಗಿ ಆ ಜಾಸ್ತಿ 25 ನಮ್ಮ ಕನ್ನಡದ್ದು. (ಕನ್ನಡ ಮೇಷ್ಟ್ರಿಗೆ ಅಷ್ಟಾದರೂ ಜಂಬ ಬೇಡವಾ?) ಕನ್ನಡದಲ್ಲಿ 100 ಅಂಕಕ್ಕೆ ಬರೆಯಬೇಕು, 25 ಆಂತರಿಕ, ಅಂದರೆ ಶಾಲೆಯಲ್ಲೇ ಕೊಡುವುದು. ಬೇರೆ ವಿಷಯಗಳಲ್ಲಿ 80 ಬರೆಯುವುದು, 20 ಆಂತರಿಕ.

ಪೂರ್ತಿ 625 ತೆಗೆಯುವುದು ಹೇಗೆ ಅಂತ ಕೇಳುವವರಿಗೆ ನನ್ನ ಹತ್ತಿರ ಸೂತ್ರ ಏನೂ ಇಲ್ಲ. 600 ದಾಟಿದ ಮಕ್ಕಳನ್ನು ಹತ್ತಿರದಿಂದ ನೋಡಿದ್ದೇನೆ. ಹಳೆ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯುತ್ತಾರೆ, ತಪ್ಪಿದ್ದನ್ನೇ ಮತ್ತೆ ಬರೆಯುತ್ತಾರೆ. ರಾತ್ರಿ ನಿದ್ದೆಗೆಟ್ಟು ಓದಿದವರು ಅವರಲ್ಲಿ ಕಮ್ಮಿ.

ಆಂತರಿಕ ಅಂಕ ಎಲ್ಲರಿಗೂ ಸುಮ್ನೆ ಹಾಕ್ತೀರಂತೆ?

ಸುಳ್ಳು ಹೇಳುವುದಿಲ್ಲ. ಧಾರಾಳವಾಗಿ ಕೊಡುವ ರೂಢಿ ಬಹಳ ಕಡೆ ಇದೆ, ನಮ್ಮಲ್ಲೂ ಇತ್ತು. ಅಂಗಡಿಯಲ್ಲಿ ಸಿಗುವ ಚಾರ್ಟ್ ಅಂಟಿಸಿಕೊಂಡು ಬಂದರೂ ಅಂಕ, ನೋಡಿ ಬರೆದರೂ ಅಂಕ.

ಅದು ಸ್ವಲ್ಪ ಬದಲಾದದ್ದು ಒಬ್ಬ ಹುಡುಗನಿಂದ. ಅವನ ಮನೆಯವರದು ಆಲೆಮನೆ. ಪ್ರಾಜೆಕ್ಟ್‌ಗೆ ಏನು ಮಾಡಲಿ ಅಂದಾಗ, ನಿಮ್ಮ ಮನೆಯಲ್ಲಿ ನಡೆಯುವುದನ್ನೇ ಬರಿ ಅಂದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಸುಣ್ಣ ಯಾಕೆ ಹಾಕುತ್ತಾರೆ, ಬೆಂಡೆ ಗಿಡದ ಲೋಳೆ ಹಾಕಿದರೆ ಕಸ ಹೇಗೆ ಮೇಲೆ ಬರುತ್ತದೆ, ಸಿಪ್ಪೆಯನ್ನೇ ಒಲೆಗೆ ಹಾಕುವುದರಿಂದ ಸೌದೆ ಎಷ್ಟು ಉಳಿಯಿತು, ಬೆಲ್ಲ ಬೆಳ್ಳಗಾಗಲಿ ಅಂತ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕುವವರು ಯಾಕೆ ಹಾಕುತ್ತಾರೆ, ಎಲ್ಲ ಬರೆದುಕೊಂಡು ಬಂದ. ಅಚ್ಚು ಬೆಲ್ಲ, ಬಕೆಟ್ ಬೆಲ್ಲ, ಕುರಿಕಾಟು ಬೆಲ್ಲ ಮೂರನ್ನೂ ಎಲೆಯಲ್ಲಿ ಕಟ್ಟಿ ತಂದಿದ್ದ. ವಿಜ್ಞಾನದ ಮೇಡಂ ಅದನ್ನೇ ಇಟ್ಟುಕೊಂಡು ಆಮ್ಲ, ಪ್ರತ್ಯಾಮ್ಲದ ಪಾಠ ಮಾಡಿದರು. (ಪಾಠ ಮುಗಿಯುವ ಹೊತ್ತಿಗೆ ಬೆಲ್ಲವೂ ಮುಗಿದಿತ್ತು.) ಅವನಿಗೆ 20ಕ್ಕೆ 20 ಬಂತು. ಆ ವರ್ಷ ಚಾರ್ಟ್ ತಂದವರಿಗೆ ಬರಲಿಲ್ಲ.

2023ರಲ್ಲಿ ಮಂಡ್ಯ ರಾಜ್ಯಕ್ಕೇ ಸೆಕೆಂಡ್ ಬಂದಿತ್ತಲ್ಲ? ಆಮೇಲೆ ಯಾಕೆ ಆ ಸುದ್ದಿ ಇಲ್ಲ?

ಬಂದಿತ್ತು, ನಿಜ. 2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಚಿತ್ರದುರ್ಗ 96.80 ಪರ್ಸೆಂಟ್, ಮಂಡ್ಯ 96.74. ಊರೂರಲ್ಲಿ ಪಟಾಕಿ ಹೊಡೆದರು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ಕೊಠಡಿಯಲ್ಲಿ ನಡೆಯುವುದನ್ನು ಕಚೇರಿಯಲ್ಲಿ ಕೂತೇ ನೋಡುವ ವೆಬ್‌ಕಾಸ್ಟಿಂಗ್ ಶುರುವಾಯಿತು. ಇಡೀ ರಾಜ್ಯದ ಫಲಿತಾಂಶವೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಸೇರಿಸಿ.

ಇದರಿಂದ ಏನು ತಿಳಿಯಬೇಕು ಅಂತ ನೀವೇ ಯೋಚಿಸಿ. ನನ್ನ ಅನಿಸಿಕೆ ಇಷ್ಟೇ: ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಲಿಲ್ಲ. ಕ್ಯಾಮೆರಾ ಬಂದ ಮೇಲೆ ಬಂದ ಅಂಕವನ್ನೇ ನಾನು ನಂಬುತ್ತೇನೆ, ಅದನ್ನು ಹಿಡಿದುಕೊಂಡೇ ಮುಂದಿನ ವರ್ಷದ ಪಾಠ ಯೋಚಿಸುತ್ತೇನೆ. ಜಿಲ್ಲೆಯ ಸ್ಥಾನ ಪೇಪರಿನವರಿಗಿರಲಿ.

ಫೇಲಾದ್ರೆ ಒಂದು ವರ್ಷ ಹಾಳಾಯ್ತಾ?

ಇಲ್ಲ. 2023-24ನೇ ಸಾಲಿನಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ: ಪರೀಕ್ಷೆ-1, ಪರೀಕ್ಷೆ-2 ಅಂತ. ಮೊದಲಿನ ಹಾಗೆ ಸಪ್ಲಿಮೆಂಟರಿ ಅನ್ನುವ ಹಣೆಪಟ್ಟಿ ಇಲ್ಲ. ಪಾಸಾದವರೂ ಅಂಕ ಸಾಲದು ಅನ್ನಿಸಿದರೆ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ.

ಫಲಿತಾಂಶದ ದಿನ ನಾನು ಟಾಪರ್ ಮನೆಗೆ ಹೋಗುವುದಿಲ್ಲ. ಅಲ್ಲಿ ಜನ ಇದ್ದೇ ಇರುತ್ತಾರೆ, ಮೈಸೂರು ಪಾಕೂ ಇರುತ್ತದೆ. ಫೇಲಾದವರ ಮನೆಗೆ ಮೊದಲು ಹೋಗುತ್ತೇನೆ. ಬೈಕ್ ನಿಲ್ಲಿಸಿದ ಕೂಡಲೇ ಕೆಲವರು ಹಿತ್ತಲಿಗೆ ಓಡುತ್ತಾರೆ. ಓಡಲಿ. ಅವರಮ್ಮನ ಹತ್ತಿರ ನೀರು ಕೇಳಿ ಕುಡಿದು, ಪರೀಕ್ಷೆ-2ರ ಅರ್ಜಿಯ ಕೊನೇ ತಾರೀಖು ಹೇಳಿ, ಕ್ಲಾಸು ಯಾವತ್ತಿನಿಂದ ಅಂತ ಹೇಳಿ ಬರುತ್ತೇನೆ. ಆ ದಿನ ಬೈಯಬೇಡಿ ಅಂತ ಮನೆಯವರಿಗೆ ಕೈಮುಗಿದು ಕೇಳುತ್ತೇನೆ. ಬೈಗುಳವನ್ನು ಜುಲೈಗೆ ಇಟ್ಟುಕೊಳ್ಳಿ.

ನನ್ ಮಗಳು ಸ್ಕೂಲಿಗೇ ಫಸ್ಟು. ಫ್ಲೆಕ್ಸ್ ಯಾಕೆ ಹಾಕ್ಸಲ್ಲ ನೀವು?

ಈ ಪ್ರಶ್ನೆ ಪ್ರತಿ ಮೇ ತಿಂಗಳಲ್ಲಿ ಬರುತ್ತದೆ, ಕೋಪದಲ್ಲೇ ಬರುತ್ತದೆ. ಮೊದಲು ಹಾಕಿಸುತ್ತಿದ್ದೆವು. ಒಂದು ವರ್ಷ ಅರಳಿಕಟ್ಟೆ ಮುಂದೆ ದೊಡ್ಡದೇ ಕಟ್ಟಿಸಿದೆವು. ಮೂವರು ಮಕ್ಕಳ ಫೋಟೋ, ಕೆಳಗೆ ಅಂಕ, ಮೇಲೆ ನಮ್ಮೆಲ್ಲರ ಫೋಟೋ. ಮಕ್ಕಳ ಮುಖಕ್ಕಿಂತ ನಮ್ಮ ಮುಖಗಳೇ ದೊಡ್ಡವಾಗಿದ್ದವು. ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಕಂಬ ಹತ್ತಿ ಹಗ್ಗ ಬಿಗಿದವನು ಅದೇ ಬ್ಯಾಚಿನ ಹುಡುಗ. ಗಣಿತದಲ್ಲಿ ಅಂಚಿನಲ್ಲಿ ದಾಟಿದ್ದ. ಅಪ್ಪ ಇರಲಿಲ್ಲ. ಬೆಳಗ್ಗೆ ನಾಲ್ಕಕ್ಕೆ ಎದ್ದು ಎರಡು ಹಸು ಕರೆದು, ಡೇರಿಗೆ ಹಾಲು ಹಾಕಿ, ಸೈಕಲ್ ತುಳಿದುಕೊಂಡು ಶಾಲೆಗೆ ಬರುತ್ತಿದ್ದ. ಹಗ್ಗ ಕಟ್ಟಿ ಇಳಿದವನು ಕೈ ಒರೆಸಿಕೊಳ್ಳುತ್ತಾ, 'ಸರಿಯಾಗೈತಾ ಸಾ? ಓರೆ ಇಲ್ಲ ತಾನೆ?' ಅಂತ ಕೇಳಿದ. ಓರೆ ಇರಲಿಲ್ಲ. 'ಚೆನ್ನಾಗೈತೆ ಕಣೋ' ಅಂದೆ. ಬೇರೆ ಏನೂ ಹೇಳಲು ತೋಚಲಿಲ್ಲ.

ಮರುವರ್ಷದಿಂದ ಫ್ಲೆಕ್ಸ್ ನಿಲ್ಲಿಸಿದೆವು. ಈಗ ಶಾಲೆಯ ಒಳಗೋಡೆಯ ಮೇಲೆ ಪಾಸಾದ ಎಲ್ಲರ ಹೆಸರನ್ನೂ ಬಣ್ಣದಲ್ಲಿ ಬರೆಯುತ್ತೇವೆ. ಕನ್ನಡ ಅಕ್ಷರಮಾಲೆಯ ಕ್ರಮದಲ್ಲಿ, ಅಂಕ ಇಲ್ಲದೆ. ಕೆಳಗೆ ನಾಲ್ಕು ಸಾಲಿನಷ್ಟು ಜಾಗ ಖಾಲಿ ಬಿಟ್ಟಿರುತ್ತೇವೆ. ಅದು ಆಮೇಲಿನ ಪರೀಕ್ಷೆಯಲ್ಲಿ ಪಾಸಾಗುವವರಿಗೆ. ನಿಮ್ಮ ಮಗಳ ಹೆಸರೂ ಅಲ್ಲಿದೆ, ಬಂದು ನೋಡಿ. ಮನೆ ಮುಂದೆ ನೀವೇ ಫ್ಲೆಕ್ಸ್ ಹಾಕಿಸಿಕೊಂಡರೆ ನಾನು ಬೇಡ ಅನ್ನುವುದಿಲ್ಲ. ನನ್ನ ಫೋಟೋ ಮಾತ್ರ ಹಾಕಬೇಡಿ.

## ಸ್ಪರ್ಧೆ, ಆಟ, ವಿದ್ಯಾರ್ಥಿವೇತನ

ಎನ್‌ಎಂಎಂಎಸ್ ಅಂದ್ರೆ ಏನು? ನಮ್ ಹುಡುಗ ಬರೀಬಹುದಾ?

ಎಂಟನೇ ತರಗತಿಯಲ್ಲಿ ಬರೆಯುವ, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಇದು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ. ಮನೆಯ ಆದಾಯ ವರ್ಷಕ್ಕೆ 3.5 ಲಕ್ಷ ದಾಟಿರಬಾರದು, ಏಳನೇ ತರಗತಿಯಲ್ಲಿ 55 ಪರ್ಸೆಂಟ್ ಬಂದಿರಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ 5 ಪರ್ಸೆಂಟ್ ಸಡಿಲಿಕೆ ಇದೆ. ಎರಡು ಪತ್ರಿಕೆ: ಬುದ್ಧಿಸಾಮರ್ಥ್ಯಕ್ಕೆ 90 ಪ್ರಶ್ನೆ, ಪಾಠದ ವಿಷಯಗಳಿಗೆ 90. ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ. 9ರಿಂದ ದ್ವಿತೀಯ ಪಿಯುಸಿವರೆಗೆ, ನಾಲ್ಕು ವರ್ಷಕ್ಕೆ 48,000. ಕೂಲಿ ಮಾಡುವ ಮನೆಗೆ ಇದು ಸಣ್ಣ ದುಡ್ಡಲ್ಲ.

ಮಕ್ಕಳು ಸೋಲುವುದು ಪರೀಕ್ಷೆಯಲ್ಲಿ ಮಾತ್ರ ಅಲ್ಲ, ಆಮೇಲೆಯೂ ಸೋಲುತ್ತಾರೆ. ಪ್ರತಿ ವರ್ಷ ಆನ್‌ಲೈನ್‌ನಲ್ಲಿ ನವೀಕರಣ ಮಾಡಿಸಬೇಕು, ಅದನ್ನು ಮರೆಯುತ್ತಾರೆ. ಹತ್ತನೇ ತರಗತಿಯಲ್ಲಿ 60 ಪರ್ಸೆಂಟ್ ಬರಲೇಬೇಕು ಅನ್ನುವುದು ಗೊತ್ತಿರುವುದಿಲ್ಲ. ಅನುದಾನವಿಲ್ಲದ ಖಾಸಗಿ ಪಿಯು ಕಾಲೇಜಿಗೆ ಸೇರಿದರೆ ಹಣ ನಿಲ್ಲುತ್ತದೆ ಅನ್ನುವುದೂ ಸೇರಿದ ಮೇಲೆಯೇ ತಿಳಿಯುತ್ತದೆ. ಹತ್ತು ಪಾಸಾಗಿ ಹೋದ ಮಕ್ಕಳಿಗೂ ನಮ್ಮ ಕ್ಲರ್ಕ್ ಫೋನ್ ಮಾಡಿ 'ರಿನ್ಯೂವಲ್ ಆಯ್ತಾ?' ಅಂತ ಕೇಳುತ್ತಾರೆ. ಅವರ ಕೆಲಸದ ಪಟ್ಟಿಯಲ್ಲಿ ಇದು ಇಲ್ಲ.

ಪ್ರತಿಭಾ ಕಾರಂಜಿಗೆ ಪ್ರತಿ ವರ್ಷ ಅದೇ ಮಕ್ಕಳನ್ನೇ ಕರ್ಕೊಂಡ್ ಹೋಗ್ತೀರಾ ಅಲ್ವಾ?

ಪ್ರತಿಭಾ ಕಾರಂಜಿ ಅಂದರೆ ಇಲಾಖೆ ನಡೆಸುವ ಭಾಷಣ, ಹಾಡು, ಪ್ರಬಂಧದಂಥ ಸ್ಪರ್ಧೆ. ಆರೋಪ ಸರಿ. ಒಂದು ಸಲ ಭಾಷಣದಲ್ಲಿ ಗೆದ್ದ ಹುಡುಗಿಯನ್ನೇ ಪ್ರಬಂಧಕ್ಕೂ ಗಾಯನಕ್ಕೂ ನಿಲ್ಲಿಸುವುದು ನಮ್ಮ ಸೋಮಾರಿತನ. ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲಿರುವಾಗ ಎಲ್ಲರಿಗೂ ಗೆಲ್ಲುವ ಕುದುರೆಯೇ ಬೇಕು.

ಈಗ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಒಬ್ಬರಿಗೆ ಒಂದೇ ಸ್ಪರ್ಧೆ. ಶಾಲೆಯ ಒಳಗಿನ ಆಯ್ಕೆಯಲ್ಲಿ ಎಲ್ಲರೂ ಒಮ್ಮೆ ವೇದಿಕೆ ಹತ್ತಲೇಬೇಕು. ಹಾಗೆ ಹತ್ತಿಸಿದಾಗಲೇ ಒಂಬತ್ತನೇ ಕ್ಲಾಸಿನ ಒಬ್ಬಳು ಸಿಕ್ಕಿದ್ದು. ಪಾಠ ಓದು ಅಂದರೆ ದನಿಯೇ ಹೊರಡದ ಹುಡುಗಿ. 'ಏನೂ ಬರಲ್ಲ ಸಾ, ಅಜ್ಜಿ ಹೇಳೋ ಸೋಬಾನೆ ಪದ ಒಂದು ಬತ್ತದೆ' ಅಂದಳು. ಕಣ್ಣು ನೆಲದ ಮೇಲೆ, ಎರಡೂ ಕೈ ಲಂಗದ ಅಂಚಿನಲ್ಲಿ. ಮೊದಲ ಸಾಲಿಗೇ ಹಿಂದಿನ ಬೆಂಚಿನ ಹುಡುಗರು ಕಿಸಕ್ಕೆಂದರು. ಮೂರನೇ ಸಾಲಿಗೆ ಅಡುಗೆ ಅಕ್ಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, ಸೊಲ್ಲು ಎತ್ತಿಕೊಟ್ಟರು. ಆಮೇಲೆ ಯಾರೂ ನಗಲಿಲ್ಲ.

ಆ ವರ್ಷ ಅವಳು ತಾಲ್ಲೂಕು ದಾಟಲಿಲ್ಲ. ಆದರೆ ಅಜ್ಜಿಯನ್ನೇ ಶಾಲೆಗೆ ಕರೆಸಿದೆವು. ಮಂಟೇಸ್ವಾಮಿ, ಮಾದಪ್ಪನ ಕಥೆ ಹಾಡುವವರು, ಪೂಜಾ ಕುಣಿತದವರು, ಕೋಲಾಟದವರು ಎಲ್ಲ ನಮ್ಮ ಸುತ್ತಲ ಊರಲ್ಲೇ ಇರುವಾಗ ಸಿ.ಡಿ. ಹಾಕಿಕೊಂಡು ಜನಪದ ನೃತ್ಯ ಕಲಿಸುತ್ತಿದ್ದೆವಲ್ಲ ಅನ್ನಿಸಿತು. ಈಗ ವಾರ್ಷಿಕೋತ್ಸವಕ್ಕೆ ತಮಟೆ ಬಾಡಿಗೆಗೆ ತರುವುದಿಲ್ಲ. ಹುಡುಗರ ಅಪ್ಪಂದಿರೇ ಬರುತ್ತಾರೆ.

ಆಟ ಆಟ ಅಂತ ಹೋದ್ರೆ ಓದು ಹಾಳಾಗಲ್ವಾ?

ಹಾಳಾಗುವುದನ್ನೂ ನೋಡಿದ್ದೇನೆ, ಆಟದಿಂದಲೇ ಶಾಲೆ ಬಿಡದೆ ಉಳಿದವರನ್ನೂ ನೋಡಿದ್ದೇನೆ. ಎರಡನೆಯವರು ಜಾಸ್ತಿ. ಇಲಾಖೆಯ ಕ್ರೀಡಾಕೂಟ ಹೋಬಳಿಯಲ್ಲಿ ಶುರುವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಹೋಗುತ್ತದೆ. ಹೋಬಳಿಗೆ ಆಯ್ಕೆಯಾದ ಹುಡುಗ ಆ ತಿಂಗಳು ಒಂದು ದಿನವೂ ರಜ ಹಾಕುವುದಿಲ್ಲ, ಗಮನಿಸಿ ನೋಡಿ.

ಹೆಣ್ಣುಮಕ್ಕಳ ಮನೆಯವರಿಗೆ ನಾನು ಕುರುಬೂರಿನ ಹೆಸರು ಹೇಳುತ್ತೇನೆ. ಮೈಸೂರು ಜಿಲ್ಲೆ ಟಿ. ನರಸೀಪುರ ತಾಲ್ಲೂಕಿನ ಹಳ್ಳಿ ಅದು. ಅಲ್ಲಿನ ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಭಾರತ ತಂಡದಲ್ಲಿದ್ದರು. ಫೈನಲ್‌ನಲ್ಲಿ ನೇಪಾಳದ ಮೇಲೆ 78-40ರಲ್ಲಿ ಗೆದ್ದರು. ಅದಾದ ಮಾರನೇ ವಾರ ನಮ್ಮ ಮೈದಾನದಲ್ಲಿ ಖೋ ಖೋ ಕಂಬ ಎರಡೂ ಓರೆಯಾಗಿವೆ ಅಂತ ಹುಡುಗಿಯರೇ ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆದರು. ಅರ್ಜಿಯಲ್ಲಿ ಮೂರು ಕಾಗುಣಿತ ತಪ್ಪಿತ್ತು. ತಿದ್ದದೆ ಹಾಗೇ ಮುಂದೆ ಕಳಿಸಿದೆ.

ಇನ್‌ಸ್ಪೈರ್ ಅವಾರ್ಡ್‌ಗೆ ಏನಾದ್ರೂ ಮಾಡೆಲ್ ಕೊಂಡ್ಕೊಂಡು ಕೊಡೋದಾ?

ಕೊಳ್ಳಬೇಡಿ, ದಯವಿಟ್ಟು. ಇನ್‌ಸ್ಪೈರ್ ಮಾನಕ್ ಅಂದರೆ ಮಕ್ಕಳ ವಿಜ್ಞಾನದ ಯೋಚನೆಗೆ ಕೇಂದ್ರ ಸರ್ಕಾರ ಕೊಡುವ ಪ್ರಶಸ್ತಿ. ಅದಕ್ಕೆ ಮೊದಲು ಬೇಕಾಗಿರುವುದು ಮಾಡೆಲ್ ಅಲ್ಲ, ಯೋಚನೆ. ಒಂದು ಶಾಲೆಯಿಂದ 5 ಯೋಚನೆ ಕಳಿಸಬಹುದು. ಆಯ್ಕೆಯಾದ ಮಗುವಿನ ಖಾತೆಗೆ 10,000 ರೂಪಾಯಿ ಬರುತ್ತದೆ, ಮಾಡೆಲ್ ಮಾಡುವುದು ಆಮೇಲೆ.

ನಮ್ಮ ಒಬ್ಬ ಹುಡುಗನ ಅಪ್ಪ ನಾಲೆ ನೀರಿನ ಸರದಿಗೆ ರಾತ್ರಿಯೆಲ್ಲ ಗದ್ದೆ ಬದುವಿನ ಮೇಲೆ ಕಾಯುತ್ತಿದ್ದರು. ಹುಡುಗ ಪ್ಲಾಸ್ಟಿಕ್ ಕ್ಯಾನ್, ಒಂದು ದಾರ, ಹಳೆ ಸೈಕಲ್ ಬೆಲ್ ಇಷ್ಟರಲ್ಲೇ ಒಂದು ಯೋಚನೆ ಬರೆದ. ನೀರು ಬಂದಾಗ ಕ್ಯಾನ್ ತೇಲಿ ದಾರ ಎಳೆಯುತ್ತದೆ, ಬೆಲ್ ಹೊಡೆಯುತ್ತದೆ, ಅಪ್ಪ ಅಲ್ಲಿಯವರೆಗೆ ಮಲಗಬಹುದು. ಅದು ಆಯ್ಕೆಯಾಗಲಿಲ್ಲ. ಆದರೆ ಊರಿನ ಮೂರು ಜನ ರೈತರು ಅವನನ್ನು ಹುಡುಕಿಕೊಂಡು ಶಾಲೆಗೆ ಬಂದರು. ಒಬ್ಬರಂತೂ ಬೆಲ್ ಜತೆಗೇ ತಂದಿದ್ದರು.

## ಶಾಲೆ ಮತ್ತು ಊರು

ನಾವು ಓದ್ದೋರಲ್ಲ ಸಾ. ಎಸ್‌ಡಿಎಂಸಿ ಮೀಟಿಂಗ್‌ಗೆ ಬಂದು ಏನ್ ಮಾತಾಡೋದು?

ಎಸ್‌ಡಿಎಂಸಿ ಅಂದರೆ ಮಕ್ಕಳ ಅಪ್ಪ ಅಮ್ಮಂದಿರೇ ಇರುವ ಶಾಲಾಭಿವೃದ್ಧಿ ಸಮಿತಿ. ಓದಿದವರೇ ಬಂದರೆ ಕಟ್ಟಡದ ಮಾತು, ಅನುದಾನದ ಮಾತು ಆಗುತ್ತದೆ. ಹಿಂದೊಮ್ಮೆ ಒಬ್ಬ ತಾಯಿ ಎದ್ದು ನಿಂತು, 'ಹೆಣ್ಮಕ್ಕಳ ಕಕ್ಕಸಿನ ಚಿಲಕ ಒಳಗಡೆಯಿಂದ ಹಾಕ್ಕೊಳಕ್ಕೆ ಬರಲ್ಲ' ಅಂದರು. ಒಂದು ವರ್ಷದಿಂದ ಹಾಗೇ ಇತ್ತಂತೆ. ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಯಾವ ಹುಡುಗಿಯೂ ಬಾಯಿಬಿಟ್ಟಿರಲಿಲ್ಲ, ಮಧ್ಯಾಹ್ನ ನೀರು ಕುಡಿಯುವುದನ್ನೇ ಬಿಟ್ಟಿದ್ದರು ಅಷ್ಟೇ. ಮಾರನೇ ದಿನ ಚಿಲಕ ಬಂತು. ಇಂಥದ್ದು ಹೇಳಲು ಬನ್ನಿ.

ನಾವು ಹಳೇ ವಿದ್ಯಾರ್ಥಿಗಳೆಲ್ಲ ದುಡ್ಡು ಹಾಕ್ತಿದೀವಿ ಮೇಷ್ಟ್ರೇ. ಸ್ಮಾರ್ಟ್ ಟಿವಿ ಕೊಡಿಸೋಣ್ವಾ?

ಬೇಡ ಕಣ್ರಪ್ಪ. ಒಂದು ಟಿವಿ ಈಗಾಗಲೇ ಬೀರುವಿನ ಪಕ್ಕದಲ್ಲಿ ಬಟ್ಟೆ ಹೊದ್ದು ಕೂತಿದೆ. ಕೊಟ್ಟವರ ಹೆಸರು ಅದರ ನೆತ್ತಿಯ ಮೇಲೆ ದೊಡ್ಡದಾಗಿದೆ.

ಏನು ಬೇಕು ಹೇಳುತ್ತೇನೆ. ಪರೀಕ್ಷೆಗೆ ಮೊದಲಿನ ಮೂರು ತಿಂಗಳು ಸಂಜೆ ಗುಂಪು ಓದು ನಡೆಯುತ್ತದೆ. ಐದೂವರೆಗೆ ಮಕ್ಕಳಿಗೆ ಹಸಿವಾಗುತ್ತದೆ. ಕಡ್ಲೆಪುರಿ, ಬಾಳೆಹಣ್ಣು, ಒಂದೊಂದು ಲೋಟ ಟೀ ಸಾಕು. ಈಗ ಊರಿನವರು ಮನೆಗೊಂದು ದಿನ ಅಂತ ಹಂಚಿಕೊಂಡಿದ್ದಾರೆ. ಶನಿವಾರದ ಪಾಳಿ ಖಾಲಿ ಇದೆ, ಅದನ್ನು ನೀವು ವಹಿಸಿಕೊಳ್ಳಿ. ಇನ್ನೊಂದು, ನಿಮ್ಮಲ್ಲಿ ಯಾರಾದರೂ ತಿಂಗಳಿಗೊಂದು ಭಾನುವಾರ ಬಂದು ಇಂಗ್ಲಿಷ್‌ನಲ್ಲಿ ಸುಮ್ನೆ ಮಾತಾಡಿಸಿ ಹೋಗಿ. ವ್ಯಾಕರಣ ನಾವು ಹೇಳಿಕೊಡುತ್ತೇವೆ, ಧೈರ್ಯ ಹೇಳಿಕೊಡುವುದು ನಮ್ಮ ಕೈಲಿ ಆಗುತ್ತಿಲ್ಲ. ನೀವೂ ಇದೇ ಬೆಂಚಿನ ಮೇಲೆ ಕೂತು ಹೆದರಿದವರು, ನಿಮ್ಮ ಮಾತು ನಾಟುತ್ತದೆ.

ಸಂಜೆ ಓದಿಗೆ ಹೆಣ್ಮಕ್ಕಳನ್ನ ಕತ್ತಲಾದ ಮೇಲೆ ಹೆಂಗೆ ಕಳ್ಸೋದು?

ಆರೂವರೆಗೆ ಬಿಡುತ್ತೇವೆ. ಒಂದೇ ದಾರಿಯ ಮಕ್ಕಳು ಗುಂಪಾಗಿ ಹೊರಡುತ್ತಾರೆ, ಪ್ರತಿ ಗುಂಪಿನ ಜತೆ ಒಬ್ಬರ ಮನೆಯವರು ಇರುತ್ತಾರೆ. ಪಾಳಿಯ ಪಟ್ಟಿ ಡೇರಿ ಗೋಡೆಯ ಮೇಲಿದೆ. ಯಾರೂ ಬಾರದ ದಿನ ನಾವು ಮೇಷ್ಟ್ರುಗಳೇ ಜತೆಗೆ ನಡೆದಿದ್ದೇವೆ.

ಪ್ರವಾಸಕ್ಕೆ ಬೇರೆ ಸ್ಕೂಲ್ನೋರು ಗೋವಾಗೆಲ್ಲ ಹೋಗ್ತಾರೆ. ನೀವು ಯಾಕೆ ಇಲ್ಲಿಲ್ಲೇ ಸುತ್ತುಸ್ತೀರಾ?

ದುಡ್ಡು ಒಂದು ಕಾರಣ. 3,000 ರೂಪಾಯಿ ಅಂದ ತಕ್ಷಣ ತರಗತಿಯ ಅರ್ಧ ಮಕ್ಕಳು 'ನಂಗೆ ಬಸ್ಸಲ್ಲಿ ವಾಂತಿ ಆಗುತ್ತೆ ಸಾ' ಅನ್ನುತ್ತಾರೆ. ವಾಂತಿ ಆಗುವುದಿಲ್ಲ, ಮನೆಯಲ್ಲಿ ಕೇಳಲು ಆಗುವುದಿಲ್ಲ.

ಇನ್ನೊಂದು ಕಾರಣ, ಇಲ್ಲಿಯದನ್ನೇ ಅವರು ನೋಡಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ಅದೇ ತಾಲ್ಲೂಕಿನ ಶಿವಪುರದಲ್ಲಿ 1938ರಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿತ್ತು. ಪಾಠಪುಸ್ತಕದಲ್ಲಿ ಓದುವ ಸಂಗತಿ ಅರ್ಧ ದಿನದ ದಾರಿಯಲ್ಲಿರುವಾಗ ಎಲ್ಲರನ್ನೂ ಕರೆದುಕೊಂಡು ಹೋಗಬಹುದು. ಬರುವಾಗ ಮದ್ದೂರಲ್ಲಿ ನಿಲ್ಲಿಸಿ ವಡೆ. ಅದಿಲ್ಲದೆ ಬಂದರೆ ಮಕ್ಕಳು ಪ್ರವಾಸ ಅಂತಲೇ ಒಪ್ಪುವುದಿಲ್ಲ.

ಎಲ್ಲಾ ಇಂಗ್ಲಿಷ್ ಮೀಡಿಯಂ ಅಂತ ಪೇಟೆಗೆ ಹೋಗ್ತವ್ರೆ. ಈ ಸ್ಕೂಲು ಉಳೀತದಾ?

ಕಾಗದ ಬರೆಯುವ ತಾತ ಪ್ರತಿ ಸಲ ಕೇಳುವುದು ಇದನ್ನೇ. ಬೆಳಗ್ಗೆ ಹಳದಿ ವ್ಯಾನುಗಳು ನಮ್ಮ ಗೇಟಿನ ಮುಂದೆಯೇ ಹಾದು ಹೋಗುತ್ತವೆ. ಹೋಗುವವರನ್ನು ನಾನು ಬೈಯುವುದಿಲ್ಲ. ಮಗು ಮುಂದೆ ಬರಲಿ ಅನ್ನುವ ಆಸೆಯೇ ಅದು. ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಥವಾಗದ ಭಾಷೆಯಲ್ಲಿ ವಿಜ್ಞಾನ ಬಾಯಿಪಾಠ ಮಾಡಿ, ಒಂಬತ್ತರ ಮಧ್ಯದಲ್ಲಿ ನಮ್ಮಲ್ಲಿಗೆ ವಾಪಸ್ ಬರುವ ಮಕ್ಕಳೂ ಇದ್ದಾರೆ. ಅವರನ್ನು ಕೂರಿಸಿಕೊಂಡು 'ದ್ಯುತಿಸಂಶ್ಲೇಷಣೆ' ಅಂದರೆ ಎಲೆ ಅಡುಗೆ ಮಾಡಿಕೊಳ್ಳುವುದು ಕಣೋ ಅಂತ ಹೇಳಿದಾಗ ಆ ಮುಖ ಬಿಚ್ಚಿಕೊಳ್ಳುವುದನ್ನು ನೋಡಬೇಕು. ಉಳಿಯುತ್ತದಾ ಅಂದರೆ, ಎಂಟನೇ ತರಗತಿಯ ದಾಖಲಾತಿ ಪುಸ್ತಕ ನೋಡಿದ ದಿನ ಅನುಮಾನ ಬರುತ್ತದೆ. ಸಂಜೆ ಗುಂಪು ಓದಿನ ದಿನ ಬರುವುದಿಲ್ಲ.

ಇಷ್ಟು ವರ್ಷದಲ್ಲಿ ನಿಮ್ ಸ್ಕೂಲಿಂದ ದೊಡ್ಡ ದೊಡ್ಡ ಸ್ಥಾನಕ್ಕೆ ಹೋದೋರು ಯಾರ್ಯಾರು?

ಡಾಕ್ಟರು, ಇಂಜಿನಿಯರುಗಳು ಇದ್ದಾರೆ. ವಾರ್ಷಿಕೋತ್ಸವಕ್ಕೆ ಕರೆದರೆ ಬರುತ್ತಾರೆ, ಅವರ ಬಗ್ಗೆ ವೇದಿಕೆಯಲ್ಲಿ ಹೇಳುತ್ತೇವೆ.

ಹೋದ ವರ್ಷ ಫೆಬ್ರವರಿಯಲ್ಲಿ ಗುಂಪು ಓದು ನಡೆಯುವಾಗ ಕರೆಂಟ್ ಹೋಯಿತು. ಊರಲ್ಲೆಲ್ಲ ಇತ್ತು, ನಮ್ಮ ಶಾಲೆಗೆ ಮಾತ್ರ ಇಲ್ಲ. ಫೋನ್ ಮಾಡಿದ ಇಪ್ಪತ್ತು ನಿಮಿಷಕ್ಕೆ ಲೈನ್‌ಮ್ಯಾನ್ ಬಂದ. ನಮ್ಮ ಹಳೆ ಹುಡುಗ, ವಿಜ್ಞಾನದಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲಕ್ಕೆ ದಾಟಿದವನು. ಮೀಟರ್ ಬೋರ್ಡಿನಲ್ಲಿ ಸುಟ್ಟ ತಂತಿ ಕಿತ್ತು ಹೊಸದು ಹಾಕಿದ. ಎರಡು ಮೂರು ಮಕ್ಕಳು ಟಾರ್ಚ್ ಹಿಡಿದು ನಿಂತಿದ್ದರು. ಹಳೆ ತಂತಿ ಯಾಕೆ ಸುಟ್ಟಿತು ಅಂತ ಒಬ್ಬಳು ಕೇಳಿದಳು. ಅವನು ಕೈಯಲ್ಲಿದ್ದ ತಂತಿಯನ್ನೇ ತೋರಿಸಿ, ತೆಳು ಎಷ್ಟು, ದಪ್ಪ ಎಷ್ಟು, ಹರಿಯೋದು ಎಷ್ಟು ಅಂತ ನಮ್ಮ ಕಡೆಯ ಭಾಷೆಯಲ್ಲೇ ಹೇಳಿದ. ದೀಪ ಹತ್ತಿದ ಮೇಲೆ ಅವನನ್ನು ಕಳಿಸಲು ಗೇಟಿನವರೆಗೆ ಹೋದೆ. ಒಳಗೋಡೆಯ ಹತ್ತಿರ ನಿಂತ. 'ಇದ್ಯಾವಾಗಿಂದ ಸಾ ಎಲ್ಲಾರ ಹೆಸರು ಬರೆಯೋದು? ನಮ್ಮ ಬ್ಯಾಚು ಇಲ್ವಾ?' ಅಂದ. ಇರಲಿಲ್ಲ, ಅದು ಫ್ಲೆಕ್ಸ್ ಕಾಲದ ಬ್ಯಾಚು.

ಹಳೆ ರಿಜಿಸ್ಟರುಗಳನ್ನು ಈಗ ಕೆಳಗಿಳಿಸಿ ದೂಳು ಹೊಡೆಯುತ್ತಿದ್ದೇವೆ. ಪಶ್ಚಿಮದ ಗೋಡೆ ಪೂರ್ತಿ ಖಾಲಿ ಇದೆ, ಬಣ್ಣಕ್ಕೆ ಹೇಳಿದ್ದೇನೆ.